ಕವಾಟಕ್ಕೆ 279, ಕಾಫಿಬೀಜಕ್ಕೆ 16

ಮತ್ತೆ ಅದೇ ವಿಡಿಯೊ ಕ್ಲಿಪ್ಪು. ಹಸಿರು ಕಾಫಿಬೀಜದ ಸಾರ ನುಂಗಿದರೆ ಕೊಬ್ಬು ಕರಗುತ್ತೆ ಅಂತ ಅಮೆರಿಕದ ಡಾ. ಮೆಹ್ಮತ್ ಓಜ್ 2012ರಲ್ಲಿ ಟಿವಿಯಲ್ಲಿ ಕೊಂಡಾಡಿದ್ದು. ಇವತ್ತು ಮೂರು ಗ್ರೂಪಿನಲ್ಲಿ ಬಂದು ಬಿತ್ತು, "ದೊಡ್ಡ ಹಾರ್ಟ್ ಸರ್ಜನ್ನೇ ಹೇಳಿದ್ದಾರೆ" ಅನ್ನೋ ಒಕ್ಕಣೆ ಸಮೇತ. ನನ್ನ ಸಿಟ್ಟೆಲ್ಲ ಆ ಒಕ್ಕಣೆ ಮೇಲೆ.

ದೊಡ್ಡ ಸರ್ಜನ್ ಹೌದು, ಎರಡು ಮಾತಿಲ್ಲ. ಹಾರ್ವರ್ಡ್‌ನಲ್ಲಿ ಓದಿ, ಕೊಲಂಬಿಯಾದಲ್ಲಿ ಹೃದಯ ಕೊಯ್ದು ಹೊಲಿದ ಕೈ. ಹೃದಯದೊಳಗಿನ ಮೈಟ್ರಲ್ ಕವಾಟಕ್ಕೆ ಎರಡು ಎಸಳು. ಅವು ಸರಿಯಾಗಿ ಕೂಡದಿದ್ದರೆ ರಕ್ತ ಹಿಂದಕ್ಕೆ ಸೋರುತ್ತೆ. ಇಟಲಿಯ ಸರ್ಜನ್ ಆಲ್ಫಿಯೇರಿ ಎದೆ ತೆರೆದು, ಎರಡೂ ಎಸಳನ್ನು ನಡುವೆ ಸೇರಿಸಿ ಹೊಲಿದು ಸೋರಿಕೆ ತಗ್ಗಿಸಿದ್ದರು. ಎದೆ ತೆರೆಯದೆ, ರಕ್ತನಾಳದೊಳಗಿಂದ ಕ್ಯಾತಿಟರ್ ಅನ್ನೋ ಸಣ್ಣ ಕೊಳವೆ ತೂರಿಸಿಯೇ ಅದನ್ನು ಮಾಡಬಹುದು ಅನ್ನೋ ಪೇಟೆಂಟಿನಲ್ಲಿ ಓಜ್ ಹೆಸರಿದೆ. ಎಸಳುಗಳನ್ನು ಸೇರಿಸಿ ಹಿಡಿಯುವ ಮೈಟ್ರಾಕ್ಲಿಪ್ ಅನ್ನೋ ಕ್ಲಿಪ್ಪು ಬಂದದ್ದು ಆ ದಾರಿಯಲ್ಲೇ. ಸುಮ್ಮನೆ ಬರಲಿಲ್ಲ. 279 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಕೆಲವರಿಗೆ ಕ್ಲಿಪ್ಪು, ಉಳಿದವರಿಗೆ ಆಪರೇಷನ್. 2011ರಲ್ಲಿ ಫಲಿತಾಂಶ ಬಂತು: ಸೋರಿಕೆ ತಡೆಯೋದರಲ್ಲಿ ಆಪರೇಷನ್ ಮೇಲು, ಸುರಕ್ಷತೆಯಲ್ಲಿ ಕ್ಲಿಪ್ಪು ಮೇಲು. ಇಷ್ಟಾದರೂ 2013ರಲ್ಲಿ ಅಮೆರಿಕದ ಔಷಧ-ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ್ದು ಆಪರೇಷನ್ ತಡೆದುಕೊಳ್ಳಲಾರದವರಿಗೆ ಮಾತ್ರ.

ಈಗ ಕಾಫಿಬೀಜಕ್ಕೆ ಬನ್ನಿ. ಆಧಾರ ಅಂತ ಹಿಡಿದ ಟ್ರಯಲ್‌ನಲ್ಲಿ ಇದ್ದದ್ದು 16 ಜನ. ಹದಿನಾರು! ಎಲ್ಲರಿಗೂ ಸರದಿ ಮೇಲೆ ಹೆಚ್ಚಿನ ಡೋಸು, ಕಡಿಮೆ ಡೋಸು, ಡಮ್ಮಿ ಮಾತ್ರೆ, ನಡುನಡುವೆ ಬಿಡುವು. 22 ವಾರದಲ್ಲಿ ಸರಾಸರಿ 8 ಕಿಲೋ ಇಳಿದರು ಅಂತ ಡಂಗುರ. ಆ 22 ವಾರದೊಳಗೆ ಡಮ್ಮಿ ನುಂಗಿದ ವಾರಗಳೂ, ಏನನ್ನೂ ನುಂಗದ ವಾರಗಳೂ ಇದ್ದವಲ್ಲ, ಅದನ್ನು ಕೇಳೋರೇ ಇಲ್ಲ. ಕೊನೆಗೆ ಸುಳ್ಳು ಜಾಹೀರಾತಿನ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಕೆದಕಿತು: ತೂಕದ ಅಂಕಿಗಳನ್ನೇ ತಿದ್ದಿದ್ದಾರೆ, ಯಾರು ಯಾವಾಗ ಡಮ್ಮಿ ತಗೊಂಡರು ಅನ್ನೋದನ್ನೂ ತಪ್ಪಾಗಿ ತೋರಿಸಿದ್ದಾರೆ ಅಂತ ಆರೋಪ. 2014ರಲ್ಲಿ ಟ್ರಯಲ್‌ಗೆ ದುಡ್ಡು ಹಾಕಿದ ಕಂಪನಿ 35 ಲಕ್ಷ ಡಾಲರ್‌ಗೆ ರಾಜಿಯಾಯ್ತು, ಟ್ರಯಲ್‌ನ ಪ್ರಬಂಧವನ್ನು ಪತ್ರಿಕೆಯಿಂದ ವಾಪಸ್ ತಗೊಂಡರು. ಅವತ್ತು ಕಾರ್ಯಕ್ರಮಕ್ಕೆ ಬಂದಿದ್ದ ಅತಿಥಿಯಂತೂ ಕರೆ ಬಂದ ಮೇಲೆ, ಶೂಟಿಂಗಿಗೂ ಮುಂಚೆಯೇ, ಆ ಮಾತ್ರೆ ಮಾರೋಕೆ ಕೂತಿದ್ದರಂತೆ. ಅದೂ ಎಫ್‌ಟಿಸಿ ಕೇಸೇ, 2015ರಲ್ಲಿ 90 ಲಕ್ಷ ಡಾಲರ್‌ಗೆ ಇತ್ಯರ್ಥ.

ನಡುವೆ ಓಜ್ ತಾವೇ ಒಂದು ಪರೀಕ್ಷೆ ಮಾಡಿಸಿದರು. ಸುಮಾರು 100 ಹೆಂಗಸರು, ಎರಡು ವಾರ. ಸಾರ ತಗೊಂಡವರು ಸರಾಸರಿ ಎರಡು ಪೌಂಡ್ ಇಳಿದರು, ಡಮ್ಮಿ ತಗೊಂಡವರು ಒಂದು. ವ್ಯತ್ಯಾಸ ಅರ್ಧ ಕಿಲೋ ಕೂಡ ಇಲ್ಲ! ಹೊಟ್ಟೆ ತುಂಬ ನೀರು ಕುಡಿದು ತಕ್ಕಡಿ ಹತ್ತಿದರೆ ಅಷ್ಟು ಏರುತ್ತೆ.

ಕವಾಟದ ವಿಷಯಕ್ಕೆ ಯಾರಾದರೂ ಇಂಥ 16 ಜನರ ಲೆಕ್ಕ ಹಿಡಿದು ಬಂದಿದ್ದರೆ ಈ ಮನುಷ್ಯನೇ ಬಾಗಿಲು ತೋರಿಸುತ್ತಿದ್ದರು. ಗೊತ್ತಿಲ್ಲದೆ ಹೇಳಿದ್ದರೆ ಕ್ಷಮಿಸಬಹುದಿತ್ತು.

ಇಂಥದ್ದನ್ನು ಕೊಂಡಾಡಿದ್ದಕ್ಕೆ ಕಾರಣ ಏನು ದೊಡ್ಡ ರಹಸ್ಯವಲ್ಲ. 2009ರಿಂದ 2022ರ ತನಕ ನಡೆದ ದಿನವಹಿ ಕಾರ್ಯಕ್ರಮ. ನಿದ್ದೆ ಮಾಡಿ, ನಡೆಯಿರಿ, ಸಿಗರೇಟು ಬಿಡಿ, ಬಿಪಿ ನೋಡಿಸಿ ಅಂತಷ್ಟೇ ಹೇಳಿದರೆ ಎರಡನೇ ವಾರಕ್ಕೆ ಅಂಗಡಿ ಮುಚ್ಚಬೇಕು. ಆಗ ಬೇಕಾಗುತ್ತೆ ಪವಾಡ.

"ಒಳ್ಳೇದನ್ನೂ ಹೇಳಿದ್ದಾರಲ್ಲ" ಅಂತ ಯಾರಾದರೂ ಬಂದೇ ಬರ್ತೀರಿ. ಹೇಳಿದ್ದಾರೆ. 2010ರಲ್ಲಿ ತಮ್ಮದೇ ಕೊಲೊನೊಸ್ಕೋಪಿ (ದೊಡ್ಡ ಕರುಳಿನ ಕ್ಯಾಮೆರಾ ಪರೀಕ್ಷೆ) ತೋರಿಸಿ, ಪಾಲಿಪ್ ಅನ್ನೋ ಗಂಟು ಸಿಕ್ಕಿದ್ದನ್ನೂ ಮುಚ್ಚಿಡಲಿಲ್ಲ. ಅದಕ್ಕೆ ನನ್ನದೂ ಒಂದು ಸಲಾಮು. ಆದರೆ 2014ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ 40 ಸಂಚಿಕೆಗಳ ಸಲಹೆಗಳನ್ನು ಜಾಲಾಡಿತು: 46% ಸಲಹೆಗೆ ಪುರಾವೆ ಇತ್ತು, 15% ಪುರಾವೆಗೆ ತದ್ವಿರುದ್ಧ, 39%ಕ್ಕೆ ಪುರಾವೆಯೇ ಸಿಗಲಿಲ್ಲ. ಸರಿಯಾದ ಪಾಲು ಯಾವುದು ಅಂತ ಸೋಫಾದಲ್ಲಿ ಕೂತವರಿಗೆ ಹೇಗೆ ತಿಳಿಯಬೇಕು ಸ್ವಾಮಿ? ಎಲ್ಲಕ್ಕೂ ಅದೇ ದನಿ, ಅದೇ ನಗು. ಅದೇ ವರ್ಷ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಸೆನೆಟರ್ ಮೆಕ್ಯಾಸ್ಕಿಲ್ ಹಿಡಿದು ಕೇಳಿದಾಗ, ಇವನ್ನೆಲ್ಲ ಸತ್ಯ ಅಂತ ಮುಂದಿಡುವಷ್ಟು ವೈಜ್ಞಾನಿಕ ಬಲ ಎಷ್ಟೋ ಸಲ ಇರೋದಿಲ್ಲ ಅಂತ ತಾವೇ ಒಪ್ಪಿಕೊಂಡರು. ಆ ಕ್ಲಿಪ್ಪು ಮಾತ್ರ ಯಾವ ಗ್ರೂಪಿಗೂ ಬರೋದಿಲ್ಲ.

2022ರಲ್ಲಿ ಸೆನೆಟ್ ಚುನಾವಣೆ ಸೋತ ಓಜ್, 2025ರ ಏಪ್ರಿಲ್‌ನಿಂದ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಗಳಾದ ಮೆಡಿಕೇರ್, ಮೆಡಿಕೇಡ್ ನಡೆಸುವ ಸಂಸ್ಥೆಯ ಮುಖ್ಯಸ್ಥರು. ಮೈಟ್ರಾಕ್ಲಿಪ್ ಹಾಕಿಸಿಕೊಂಡ ಮೆಡಿಕೇರ್ ರೋಗಿಯ ಬಿಲ್ಲು ಯಾವ ಷರತ್ತಿನ ಮೇಲೆ ಪಾಸಾಗಬೇಕು ಅಂತ ತೀರ್ಮಾನಿಸೋದು ಅದೇ ಸಂಸ್ಥೆ. ಆ ಕ್ಲಿಪ್ಪಿಗೆ ಈಗಲೂ ಪುರಾವೆ ಕೇಳುತ್ತಾರೆ. ನೀವು ಫಾರ್ವರ್ಡ್ ಮಾಡ್ತಿರೋ ಕ್ಲಿಪ್ಪಿಗೆ ಯಾರೂ ಕೇಳೋದಿಲ್ಲ, ಅದಕ್ಕೇ ಹೇಳ್ತಿದೀನಿ, ನನಗೆ ಕಳಿಸಬೇಡಿ.