ಸ್ಯಾಂಪಲ್ ತಂದಿದ್ದೀರಾ?

ಇವತ್ತು ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದ ಇಂಟರ್‌ಲಾಕ್ ಮೇಲೆ ಮತ್ತೆ ಒಂದು ಚುಕ್ಕೆ. ಐದು ರೂಪಾಯಿ ನಾಣ್ಯದಷ್ಟು ದೊಡ್ಡದು, ಕಪ್ಪಗೆ ಹೊಳೆಯುತ್ತಿತ್ತು. ಬಗ್ಗಿ ಬೆರಳಿನಿಂದ ಮುಟ್ಟಿ ಮೂಸಿದೆ. ಗೇರ್ ಆಯಿಲ್. ಎರಡು ತಿಂಗಳಿನಿಂದ ಭಾನುವಾರಗಳನ್ನೆಲ್ಲ ಎಂಜಿನ್ ಬಿಚ್ಚಲು, ಜೋಡಿಸಲು ಸುರಿದ ಮನುಷ್ಯನಿಗೆ ಕಾಫಿಗಿಂತ ಮೊದಲು ಈ ವಾಸನೆ ಸಿಕ್ಕಿದರೆ ಹೇಗಾಗಬೇಡ?

"ಮೊನ್ನೆಯಷ್ಟೇ ಸೋಪು ಹಾಕಿ ಉಜ್ಜಿದ್ದೆ" ಎಂದು ಹಿಂದಿನಿಂದ ಹೆಂಡತಿಯ ದನಿ ಬಂತು. ನಾನು ತಿರುಗಿ ನೋಡಲಿಲ್ಲ.

ಸ್ಕೂಟರ್ ಅಪ್ಪನದು. 1992ರದು, ಕೆಎ-19 ನಂಬರು. ಎರಡು ಸ್ಟ್ರೋಕು, ನಾಲ್ಕು ಗೇರು, ಒಂದು ಬದಿಗೆ ವಾಲಿಸಿ ಆಮೇಲೆ ಕಿಕ್ ಹೊಡೆಯುವ ಜಾತಿ. ಯಾವುದೆಂದು ಗೊತ್ತಾಯಿತಲ್ವಾ? ನಿಮ್ಮ ಮನೆಯಲ್ಲೂ ಒಂದಿತ್ತು. ನೀವು ಬುದ್ಧಿವಂತರು, ಗುಜರಿಗೆ ಕೊಟ್ಟಿರಿ.

ಮಳೆಗಾಲ ಮುಗಿಯುವ ಹೊತ್ತಿಗೆ ಅದು ಬಿಳಿ ಹೊಗೆ ಬಿಡಲು ಶುರು ಮಾಡಿತು. ಸಣ್ಣಪುಟ್ಟ ಹೊಗೆ ಅಲ್ಲ. ನಾನು ನಮ್ಮ ಓಣಿಗೆ ತಿರುಗಿದರೆ ಸಾಕು, ಸೊಳ್ಳೆಗೆ ಫಾಗಿಂಗ್ ಮಾಡುವವರು ಬಂದರೆಂದು ಪಕ್ಕದ ಮನೆಯ ಅಜ್ಜಿ ಒಣಗಲು ಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಓಡುತ್ತಿದ್ದರು. ಒಂದು ಕಾಲದಲ್ಲಿ ಮಂಗಳೂರಿನಲ್ಲಿ ಮಲೇರಿಯಾ ಕಾಣದ ಮನೆ ಕಡಿಮೆ ಇತ್ತು. ಅವರ ತಪ್ಪಲ್ಲ.

ಗ್ಯಾರೇಜಿನ ಮೇಸ್ತ್ರಿ ಹೊಗೆಯನ್ನು ನೋಡಲಿಲ್ಲ, ಮೂಸಿದರು. "ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ" ಎಂದರು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ತಿರುಗುವ ಕೋಣೆಯೇ ಪೆಟ್ರೋಲ್ ಎಳೆಯುವ ಪಂಪು. ಅದರ ಎರಡೂ ಬದಿಗೆ ಒಂದೊಂದು ರಬ್ಬರಿನ ಆಯಿಲ್ ಸೀಲ್. ಕ್ಲಚ್ ಕಡೆಯದು ಸವೆದರೆ ಪಕ್ಕದ ಗೇರ್ ಆಯಿಲನ್ನೇ ಎಳೆದು ಸುಡುತ್ತದೆ. ನೆಲಕ್ಕೆ ಒಂದು ಹನಿ ಬೀಳದೆ ಆಯಿಲ್ ಖಾಲಿ. ಮ್ಯಾಗ್ನೆಟ್ ಕಡೆಯದು ಸವೆದರೆ ಗಾಳಿ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಹಾಗೇ ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಒಂದು ಕಡೆ ಕುಡಿತ, ಇನ್ನೊಂದು ಕಡೆ ಕೂಗಾಟ. ಎರಡನ್ನೂ ತಡೆಯಬೇಕಾದದ್ದು ಬಳೆಯಷ್ಟೂ ಇಲ್ಲದ ರಬ್ಬರು.

ಎಂಜಿನ್ ಎರಡು ಹೋಳು ಮಾಡದೆ ಆ ಸೀಲ್ ಕೈಗೆ ಸಿಗುವುದಿಲ್ಲ. ಮೇಸ್ತ್ರಿಯ ಹತ್ತಿರ ಇದ್ದ ಒಬ್ಬ ಹುಡುಗನೂ ದುಬೈಗೆ ಹೋಗಿಯಾಗಿತ್ತು. "ಬೇರಿಂಗ್, ಲೇತಿನ ಕೆಲಸ ನಾನು ಮಾಡಿ ಕೊಡ್ತೇನೆ. ಪ್ಯಾಕಿಂಗು, ಸೀಲು ನೀವೇ ಹಾಕಿ. ಅದೆಂತ ದೊಡ್ಡ ಕೆಲಸ ಅಲ್ಲ" ಎಂದರು. ಈ ಕೊನೆಯ ವಾಕ್ಯವನ್ನು ನಾನು ನಂಬಿದೆ.

ಪ್ಯಾಕಿಂಗು ಎಂದರೆ ಎರಡು ಲೋಹದ ಭಾಗಗಳ ಸಂದಿಯಿಂದ ಆಯಿಲ್ ಸೋರದ ಹಾಗೆ ನಡುವೆ ಇಡುವ ಗ್ಯಾಸ್ಕೆಟ್. ಅದನ್ನೂ ಸೀಲನ್ನೂ ತರಲು ಬಂದರಿನ ಕಡೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಲ್ಲಿಯ ಮಾಲೀಕರು ಗಿರಾಕಿಯ ಮುಖ ನೋಡುವವರಲ್ಲ. ನೀವು ಗಾಡಿಯ ಹೆಸರು ಹೇಳಿ, ವರ್ಷ ಹೇಳಿ, ಅಪ್ಪನ ಕಥೆ ಹೇಳಿ, ಅವರ ಎಡಗೈ ಮಾತ್ರ ಕೌಂಟರಿನ ಮೇಲೆ ಅಂಗೈ ಮೇಲಾಗಿ ಬಂದು ಕೂರುತ್ತದೆ.

"ಸ್ಯಾಂಪಲ್ ತಂದಿದ್ದೀರಾ?"

ತಂದಿರಲಿಲ್ಲ. ವಾಪಸ್ಸು ಬಂದೆ. ಹಳೆಯ ಸೀಲುಗಳನ್ನು ಪೇಪರಿನಲ್ಲಿ ಸುತ್ತಿ ಸಿಟೌಟಿನ ಮೂಲೆಯಲ್ಲಿ ಇಟ್ಟಿದ್ದೆ. ಅಲ್ಲಿ ಮೂಲೆ ಮಾತ್ರ ಇತ್ತು. ಕಸದ ಗಾಡಿ ಬೆಳಿಗ್ಗೆಯೇ ಬಂದು ಹೋಗಿತ್ತು. ಒಣ ಕಸಕ್ಕೆ ಹಾಕಿದ್ದೋ ಹಸಿ ಕಸಕ್ಕೋ ಎಂದು ಕೇಳಿದ್ದಕ್ಕೆ ಮನೆಯಲ್ಲಿ ಸಿಕ್ಕಿದ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಉಳಿದದ್ದು ಹಿಂದಿನ ಚಕ್ರದ ಹಬ್ಬಿನಲ್ಲಿದ್ದ ಸೀಲ್ ಒಂದೇ. ಸ್ಕ್ರೂಡ್ರೈವರ್ ಹಾಕಿ ಎಬ್ಬಿದೆ, ಅದು ಎರಡು ತುಂಡಾಗಿ ಹೊರಗೆ ಬಂತು. ಅದರಲ್ಲಿ ಒಂದು ತುಂಡು ತೆಗೆದುಕೊಂಡು ಮತ್ತೆ ಹೋದೆ. ಮಾಲೀಕರು ಅದನ್ನು ಬೆಳಕಿಗೆ ಹಿಡಿದರು, ಊದಿದರು, ಕಿವಿಯ ಹತ್ತಿರ ಯಾಕೆ ತೆಗೆದುಕೊಂಡು ಹೋದರೋ ಇವತ್ತಿಗೂ ಗೊತ್ತಿಲ್ಲ.

"ಇದು ಅರ್ಧ. ಇನ್ನರ್ಧ?"

"ಮನೆಯಲ್ಲಿದೆ."

"ನಂಬರು ಅದರಲ್ಲಿ ಇರ್ತದೆ."

ಅವರು ಹೇಳಿದ್ದು ನಿಜ. ಸೀಲಿನ ಮೈಮೇಲೆ ಮೂರು ಅಂಕೆ ಇರುತ್ತದೆ. 20-35-7 ಎಂದಿದ್ದರೆ ಒಳಗಿನ ಅಳತೆ 20 ಮಿಲಿಮೀಟರ್, ಹೊರಗಿನದು 35, ದಪ್ಪ 7. ಸವೆದು ಕಾಣದಿದ್ದರೆ ಚಾಕ್ ಪುಡಿ ಉಜ್ಜಿ ಟಾರ್ಚ್ ಹಿಡಿದರೆ ಮೇಲೆ ಬರುತ್ತದೆ. ಇಷ್ಟನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ನನ್ನ ಎರಡು ಬಸ್ ಟಿಕೆಟು ಉಳಿಯುತ್ತಿತ್ತು.

ಮೂರನೇ ಸಲ ನಾನು ಹಟ ಹಿಡಿದೆ. ಸ್ಯಾಂಪಲ್ ತಾನೇ ಬೇಕು? ಕ್ಲಚ್ ಕವರು, ಗೇರ್ ಸೆಲೆಕ್ಟರ್ ಬಾಕ್ಸು, ಹಿಂದಿನ ಹಬ್ಬು, ಎಲ್ಲವನ್ನೂ ಬಟ್ಟೆ ಚೀಲಕ್ಕೆ ತುಂಬಿಸಿ ಸಿಟಿ ಬಸ್ ಹತ್ತಿದೆ. ಪಕ್ಕದಲ್ಲಿ ಬಂಗುಡೆ ತುಂಬಿದ ಚೀಲ ಹಿಡಿದ ಒಬ್ಬರು ಕೂತಿದ್ದರು. ಹಂಪನಕಟ್ಟೆ ಮುಟ್ಟುವಷ್ಟರಲ್ಲಿ ಎರಡು ಚೀಲವೂ ತೊಟ್ಟಿಕ್ಕುತ್ತಿತ್ತು. ಅವರು ನನ್ನ ಚೀಲ ನೋಡಿದರು, ನಾನು ಅವರದು ನೋಡಿದೆ. "ಎಂತ ಮೀನು ಅದು?" ಎಂದು ಕೇಳಿದರು.

ಅಂಗಡಿಯಲ್ಲಿ ಒಂದೊಂದಾಗಿ ಕೌಂಟರಿನ ಮೇಲೆ ಜೋಡಿಸಿದೆ. ಮಾಲೀಕರು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದರು.

"ಇದೆಲ್ಲ ಯಾಕೆ ಹೊತ್ತುಕೊಂಡು ಬಂದ್ರಿ ಮಾರಾಯ್ರೆ? ಪ್ಯಾಕಿಂಗು ಬಿಡಿಯಾಗಿ ಬರುವುದಿಲ್ಲ. ಸೆಟ್ಟೇ ತಗೊಳ್ಬೇಕು. ಸೀಲೂ ಅದರಲ್ಲೇ ಉಂಟು."

ಸೆಟ್ ಎಂದರೆ ಪ್ಲಾಸ್ಟಿಕ್ ಲಕೋಟೆ. ಒಳಗೆ ಕಾಗದದ ಪ್ಯಾಕಿಂಗು, ಫೈಬರ್ ವಾಷರು, ಓ ರಿಂಗು, ಸೀಲು. ಎಣಿಸಿದೆ, ಇಪ್ಪತ್ತಮೂರು. ಹಳೆಯ ಎಂಜಿನ್ನಿನಿಂದ ಬಂದದ್ದು ಹದಿನಾರು. ಒಂದೇ ಸೆಟ್ಟನ್ನು ನಾಲ್ಕೈದು ಮಾಡೆಲಿಗೆ ಆಗುವ ಹಾಗೆ ಮಾಡುತ್ತಾರೆ, ಉಳಿಯುವುದು ಸಹಜ ಎಂದು ಮೇಸ್ತ್ರಿ ಆಮೇಲೆ ಹೇಳಿದರು. ಆ ರಾತ್ರಿ ನನಗೆ ಅದು ಗೊತ್ತಿರಲಿಲ್ಲ. ಏಳು ಭಾಗ ಹಾಕದೆಯೇ ಅಪ್ಪ ಮೂವತ್ತು ವರ್ಷ ಗಾಡಿ ಓಡಿಸಿದ್ದರಾ ಎಂದು ನಿದ್ದೆ ಬರಲಿಲ್ಲ.

ಮರುದಿನ ಕರೆಂಟ್ ಹೋದ ಹೊತ್ತು ನೋಡಿ ಹಾಲಿನ ನೆಲದ ಮೇಲೆ ಪೇಪರ್ ಹಾಸಿ ಎಲ್ಲ ಹರವಿದೆ. ಪ್ರತಿ ಪ್ಯಾಕಿಂಗನ್ನೂ ಅದರ ಲೋಹದ ಭಾಗದ ಮೇಲೆ ಇಟ್ಟು, ಬೋಲ್ಟಿನ ತೂತಿಗೆ ತೂತು ಹೊಂದಿಸಿ, ಪಕ್ಕದಲ್ಲಿ ಚೀಟಿ ಬರೆದಿಟ್ಟೆ. ಸಿಲಿಂಡರಿನ ಬುಡಕ್ಕೆ ಒಂದೇ ಆಕಾರದ ಎರಡು ಪ್ಯಾಕಿಂಗ್ ಇದ್ದವು, ಒಂದು ತೆಳು, ಒಂದು ದಪ್ಪ. ದಪ್ಪದ್ದು ಹಾಕಿದರೆ ಸಿಲಿಂಡರ್ ಕೂದಲೆಳೆಯಷ್ಟು ಮೇಲೆ ಕೂತು ಕಂಪ್ರೆಶನ್ ಕಡಿಮೆಯಾಗುತ್ತದಂತೆ. ಎರಡನ್ನೂ ಬೆರಳ ಸಂದಿಯಲ್ಲಿ ಹಿಡಿದು ನೋಡಿ, ಹಳೆಯದಕ್ಕೆ ಹೋಲಿಸಿ, ತೆಳುವನ್ನು ಆರಿಸಿದೆ. ಒಂದು ಗಂಟೆಯ ಕೆಲಸ. ಹದಿನಾರು ಭಾಗ, ಹದಿನಾರು ಚೀಟಿ. ಹೆಂಡತಿಯನ್ನು ಕರೆದು ತೋರಿಸಿದೆ.

"ಗ್ಯಾಸ್ಕೆಟ್ ಗ್ಯಾಸ್ಕೆಟ್ ಅಂತ ಮೂರು ಸಲ ಪೇಟೆಗೆ ಹೋದಿರಲ್ಲ, ಕುಕ್ಕರಿಂದು ತಂದ್ರಾ?" ಎಂದಳು.

ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಸಡಿಲಾಗಿ ಮೂರು ತಿಂಗಳಾಗಿದೆ. ಅದನ್ನು ಪ್ರತಿ ರಾತ್ರಿ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಬಿಗಿಯಾದ ಮೇಲೆ ಹಾಕಿ ಎರಡು ವಿಶಲ್ ತೆಗೆಯುತ್ತಾಳೆ. ನಾನು ಉತ್ತರ ಹುಡುಕುತ್ತಿದ್ದ ಆ ಕ್ಷಣದಲ್ಲೇ ಕರೆಂಟ್ ಬಂತು.

ಫ್ಯಾನಿನ ಸ್ವಿಚ್ಚು ಆನ್ ಇತ್ತು. ಐದರಲ್ಲಿ.

ಕಾಗದದ ಪ್ಯಾಕಿಂಗುಗಳು ಒಟ್ಟಿಗೆ ಎದ್ದವು. ಚೀಟಿಗಳೂ ಎದ್ದವು. ಒಂದು ಟಿವಿಯ ಹಿಂದೆ, ಒಂದು ದೇವರ ಫೋಟೋದ ಮೇಲೆ, ಕ್ಲಚ್ ಕವರಿನದ್ದು ಸೀದಾ ಹೆಂಡತಿಯ ಜಡೆಗೆ. ನಾನು ಫ್ಯಾನ್ ಆಫ್ ಮಾಡಲು ಓಡುವ ಬದಲು ಎರಡೂ ಕೈ ಚಾಚಿ ಪೇಪರಿನ ಮೇಲೆ ಅಡ್ಡ ಮಲಗಿದೆ. ಫ್ಯಾನ್ ಆಫ್ ಮಾಡಿದವಳು ಅವಳೇ. ಮಾಡುವ ಮೊದಲು ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿದಳು ಎಂದು ನನ್ನ ಅನುಮಾನ. "ಕಿಕ್ಕರ್" ಎಂದು ಬರೆದ ಚೀಟಿ ಇವತ್ತಿಗೂ ಸಿಕ್ಕಿಲ್ಲ.

ಹೇಗೋ ಎಂಜಿನ್ ಜೋಡಿಸಿದೆ. ಹಳೆಯ ಪ್ಯಾಕಿಂಗಿನ ಪದರವನ್ನು ಬ್ಲೇಡಿನಿಂದ ಕೆರೆದೆ, ಅಲ್ಯೂಮಿನಿಯಂ ಗೀರದ ಹಾಗೆ ಮೆಲ್ಲಗೆ. ಸೀಲಿನ ತುಟಿಗೆ ಗ್ರೀಸ್ ಹಚ್ಚಿದೆ. ಸುತ್ತಿಗೆಯಿಂದ ನೇರ ಹೊಡೆದರೆ ವಾರೆಯಾಗುತ್ತದೆ ಎಂದು ಅದೇ ಅಳತೆಯ ಪೈಪಿನ ತುಂಡು ಇಟ್ಟು ಸುತ್ತಲೂ ಸಮ ತಟ್ಟಿ ಕೂರಿಸಿದೆ. ಎಲ್ಲ ಶಾಸ್ತ್ರೋಕ್ತ. ಕಿಕ್ ಹೊಡೆದೆ, ಸ್ಟಾರ್ಟ್ ಆಯಿತು, ಹೊಗೆ ಇಲ್ಲ. ಅಜ್ಜಿ ಬಟ್ಟೆ ತೆಗೆಯಲಿಲ್ಲ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ನಾಲ್ಕನೇ ದಿನ ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯುತ್ತಿದ್ದೆ. ಹಿಂದಿನ ಬ್ರೇಕ್ ತುಳಿದೆ. ಪೆಡಲ್ ಕೆಳಗೆ ಹೋಯಿತು, ಸ್ಕೂಟರ್ ಮುಂದೆ ಹೋಯಿತು. ಮುಂದಿನ ಬ್ರೇಕು ಈ ಜಾತಿಯ ಗಾಡಿಗೆ ಅಲಂಕಾರಕ್ಕೆ ಇರುವುದು. ಹಿಂದೆ ಸಿಟಿ ಬಸ್ಸು, ಅದರ ಹಾರ್ನು. ಗೇರ್ ಇಳಿಸಿ, ಎರಡೂ ಚಪ್ಪಲಿ ರಸ್ತೆಗೆ ಊರಿ, ಕೊನೆಗೆ ಒಂದು ಆಟೋದ ಹಿಂದೆ ಗೇಣು ದೂರದಲ್ಲಿ ನಿಂತೆ. ಬಲಗಾಲಿನ ಚಪ್ಪಲಿಯ ಹಿಮ್ಮಡಿ ಅಲ್ಲೇ ಮೇಲೆ ಎಲ್ಲೋ ಉಳಿಯಿತು.

ಮೇಸ್ತ್ರಿ ಚಕ್ರ ತೆಗೆದರು. ಡ್ರಮ್ಮಿನ ಒಳಗೆ ಬ್ರೇಕ್ ಶೂ ಗೇರ್ ಆಯಿಲಿನಲ್ಲಿ ಮಿಂದು ಕೂತಿತ್ತು. ಹಬ್ಬಿನ ಸೀಲನ್ನು ಬೆರಳಿನಿಂದ ತೋರಿಸಿ, ನನ್ನ ಮೇಲಿನ ಮರ್ಯಾದೆಯಿಂದಲೋ ಏನೋ, ತುಳುವಿನಲ್ಲಿ ಮೆಲ್ಲಗೆ ಹೇಳಿದರು: "ಉಲ್ಟಾ ಪಾಡ್ದರತ್ತಾ ಮಾರಾಯ್ರೆ."

ಸೀಲಿಗೆ ಮುಖ, ಬೆನ್ನು ಎಂದು ಎರಡು ಉಂಟು. ಸಣ್ಣ ಸ್ಪ್ರಿಂಗ್ ಸುತ್ತಿದ ಬದಿ ಆಯಿಲ್ ಇರುವ ಕಡೆಗೆ ನೋಡಬೇಕು. ಆಯಿಲ್ ಒತ್ತಿದಷ್ಟೂ ತುಟಿ ಶಾಫ್ಟನ್ನು ಬಿಗಿಯಾಗಿ ಹಿಡಿಯುತ್ತದೆ. ಉಲ್ಟಾ ಹಾಕಿದರೆ ಅದೇ ತುಟಿ ದಾರಿ ಬಿಟ್ಟು ಕೊಡುತ್ತದೆ. ಬಿಚ್ಚುವ ಮೊದಲು ಯಾವ ಬದಿ ಹೊರಗಿತ್ತೆಂದು ಫೋಟೋ ತೆಗೆದಿದ್ದೆ, ಸತ್ಯವಾಗಿ. ತೆರೆದು ನೋಡಿದರೆ ಫೋಟೋದಲ್ಲಿ ನನ್ನ ಹೆಬ್ಬೆರಳು ಬಹಳ ಸ್ಪಷ್ಟವಾಗಿ ಬಂದಿದೆ.

ಹೊಸ ಸೀಲ್ ಬೇಕಾಯಿತು. ಅಂಗಡಿಗೆ ಹೋದೆ. ಎಡಗೈ ಬಂತು. ಈ ಸಲ ಸ್ಯಾಂಪಲ್ ಇತ್ತು, ಇಡಿಯಾಗಿ. ಕೊಡುವಾಗ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಅದು ಸರಿಯಾಯಿತು. ಈಗ ಈ ಚುಕ್ಕೆ. ಬೆಳಿಗ್ಗೆ ಟಾರ್ಚ್ ಹಿಡಿದು ಗಾಡಿಯ ಅಡಿಗೆ ಮಲಗಿ ನೋಡಿದೆ. ಗೇರ್ ಸೆಲೆಕ್ಟರ್ ಬಾಕ್ಸಿನ ಸಂದಿಯಿಂದ ಜಿನುಗುತ್ತಿದೆ. ನನಗೆ ಅತಿ ಹೆಚ್ಚು ಹೊಟ್ಟೆ ಉರಿದದ್ದು ಅಲ್ಲಿ. ಏಕೆಂದರೆ ಇಡೀ ಎಂಜಿನ್ನಿನಲ್ಲಿ ಲೀಕ್ ಆಗದೆ ಇದ್ದದ್ದು ಅದೊಂದೇ ಜಾಗ. ಸೆಟ್ಟಿನಲ್ಲಿ ಹೊಸದು ಇದೆಯಲ್ಲ ಎಂದು ನಾನೇ ಹಳೆಯದನ್ನು ತೆಗೆದಿದ್ದೆ.

ಆ ಹಳೆಯದನ್ನು ಎಸೆದಿಲ್ಲ, ಬೆಂಕಿಪೆಟ್ಟಿಗೆಯಲ್ಲಿ ಮಡಚಿ ಇಟ್ಟಿದ್ದೇನೆ. ಅದು ಕಂಪನಿಯ ಪ್ಯಾಕಿಂಗೇ ಅಲ್ಲ. ಆಯಿಲ್ ಕುಡಿದು ಕಂದಾದ ರಟ್ಟು, ಒಂದು ಅಂಚಿಗೆ ಚಿನ್ನದ ಬಣ್ಣದ ಗೆರೆ. ತಿರುಗಿಸಿದರೆ ಅಕ್ಷರ: "...ರ್ವಾದವೇ ಉಡುಗೊರೆ".

1997ರಲ್ಲಿ ಅಕ್ಕನ ಮದುವೆಯಾಯಿತು. ಕಾರ್ಡು ಒಂದು ಕಟ್ಟು ಜಾಸ್ತಿಯಾಗಿತ್ತು. ಅಪ್ಪ ಯಾವುದನ್ನೂ ಎಸೆದವರಲ್ಲ. ಜಗಲಿಯಲ್ಲಿ ಕೂತು, ಬಾಕ್ಸಿನ ಬಾಯಿಯ ಮೇಲೆ ಕಾರ್ಡು ಇಟ್ಟು, ಗುಂಡು ತಲೆಯ ಸುತ್ತಿಗೆಯಿಂದ ಅಂಚಿಗೆ ಮೆಲ್ಲ ಮೆಲ್ಲಗೆ ತಟ್ಟುತ್ತಿದ್ದರು. ಲೋಹದ ಅಂಚೇ ಕಾಗದವನ್ನು ಕತ್ತರಿಸಿ ಕೊಡುತ್ತದೆ, ಕತ್ತರಿ ಬೇಡ. ಟಕ್ ಟಕ್ ಟಕ್. ಒಳಗೆ ರೇಡಿಯೋದಲ್ಲಿ ತಾಳಮದ್ದಳೆ ನಡೆಯುತ್ತಿದ್ದರೆ ಅರ್ಥಧಾರಿಯ ಮಾತು ಬಿಸಿಯೇರಿದಾಗ ಇವರ ಸುತ್ತಿಗೆ ನಿಲ್ಲುತ್ತಿತ್ತು. ಮಾತು ಮುಗಿದ ಮೇಲೆ ಮತ್ತೆ ಟಕ್ ಟಕ್. ನಾನು ಪಕ್ಕದಲ್ಲಿ ಬೋಲ್ಟ್ ತುಂಬಿದ ತಟ್ಟೆ ಹಿಡಿದು ಕೂತಿರುತ್ತಿದ್ದೆ. ನೋಡಿ ಕಲಿಯಬೇಕಿತ್ತು. ಬೋಲ್ಟ್ ಎಣಿಸುತ್ತಿದ್ದೆ.

ಮಧ್ಯಾಹ್ನ ಕಾಪುವಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ನನ್ನ ಮದುವೆ ಕಾಗದವನ್ನು ಎಂಜಿನ್ನಿಗೆ ಹಾಕಿದ್ರಾ ಅಪ್ಪ?"

"28 ವರ್ಷ ಒಂದು ಹನಿ ಲೀಕ್ ಆಗಲಿಲ್ಲ ಅಕ್ಕ."

ಹಿಂದಿನಿಂದ ಭಾವನ ದನಿ ಕೇಳಿತು: "ಅದನ್ನು ನನ್ನ ಎದುರು ಹೇಳ್ಲಿಕ್ಕೆ ಹೇಳು, ಈ ಮದುವೆಯಲ್ಲಿ ನಾನು ಎಷ್ಟು ಬಿಗಿಯಾಗಿ ಕೂತಿದ್ದೇನೆ ಅಂತ ಆಗ ಹೇಳ್ತೇನೆ."

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದರಲ್ಲಿ ಅಪ್ಪನ ಹೆಸರು ಉಂಟಾ ನೋಡು" ಎಂದಳು. ಬೆಂಕಿಪೆಟ್ಟಿಗೆಯಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಹೆಸರು ಇರಬೇಕಾದ ಕಡೆ ಬೋಲ್ಟಿನ ತೂತು ಇತ್ತು. ಇನಿಶಿಯಲ್ ಮಾತ್ರ ಉಳಿದಿದೆ ಎಂದೆ.

"ಹಳೇ ಕಾರ್ಡು ಒಂದೇ ಇರುವುದು, ಆಲ್ಬಮ್ಮಿನಲ್ಲಿ. ಅದನ್ನು ಕೊಡುವುದಿಲ್ಲ" ಎಂದಳು. "ಮಗಳ ಮದುವೆದ್ದು ಬೇಕಾದರೆ ಎರಡು ಕಟ್ಟು ಉಂಟು. ಆದರೆ ಈಗಿನ ಕಾರ್ಡು ಭಾರಿ ದಪ್ಪ ಮಾರಾಯ, ಆಗ್ತದಾ ಇಲ್ವಾ ನನಗೆಂತ ಗೊತ್ತು? ಭಾನುವಾರ ಬಾ. ಬರುವಾಗ ಸ್ಯಾಂಪಲ್ ತಗೊಂಡು ಬಾ."

ಗಾಡಿಯ ಅಡಿಗೆ ತೆಂಗಿನ ಗೆರಟೆ ಇಟ್ಟಿದ್ದೇನೆ. ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಉಂಟು.