ಇನ್ನೊಂದು ಗುಂಪು ಎಲ್ಲಿದೆ?

ಮುಂಬಯಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿಯಲು ಎಷ್ಟು ಪುರಾವೆ ಬೇಕೆಂದು ಇಲ್ಲಿ ನೆಲೆಸಿದ ಪ್ರತಿ ಕನ್ನಡಿಗನಿಗೂ ಗೊತ್ತು. ಆಧಾರ್, ಪ್ಯಾನ್, ಕಂಪನಿಯ ಪತ್ರ, ಪೊಲೀಸ್ ವೆರಿಫಿಕೇಶನ್, ಸೊಸೈಟಿಯ ಎನ್‌ಒಸಿ, ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್. ಇಷ್ಟೆಲ್ಲ ತಂದಿಟ್ಟರೂ ಸೊಸೈಟಿ ಸೆಕ್ರೆಟರಿ ಕನ್ನಡಕ ಏರಿಸಿ, "ಮೀನು ತಿಂತೀರಾ?" ಎಂದು ಕೇಳದೆ ಬಿಡುವುದಿಲ್ಲ. ಅದೇ ಸೆಕ್ರೆಟರಿ ಸಂಜೆ ಮಾಟುಂಗಾ ಸ್ಟೇಷನ್ ಹೊರಗೆ ಸಿಕ್ಕ ಪರಿಚಯದವರೊಬ್ಬರು ಹೇಳಿದರೆಂದು, ಸಕ್ಕರೆ ಕಾಯಿಲೆಯ ಹೊಸ ಪುಡಿಯೊಂದನ್ನು ಮರುದಿನವೇ ಬರಿಹೊಟ್ಟೆಗೆ ಶುರು ಮಾಡುತ್ತಾರೆ. ಮನೆಯೊಳಗೆ ಬರುವವನಿಗೆ ಪೊಲೀಸ್ ತನಿಖೆ. ಹೊಟ್ಟೆಯೊಳಗೆ ಹೋಗುವುದಕ್ಕೆ "ನಮ್ಮ ಭಾವನಿಗೆ ಗುಣ ಆಯ್ತು ಮಾರಾಯ್ರೆ" ಎಂಬ ಒಂದು ಮಾತು ಸಾಕು.

ಈ ಭಾವ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಇರುತ್ತಾರೆ. ಯಾರೂ ಕಣ್ಣಾರೆ ಕಂಡಿಲ್ಲ. ವೈದ್ಯಶಾಸ್ತ್ರವು ಪುರಾವೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದೆ. ತುದಿಯಲ್ಲಿ ಹತ್ತಾರು ಪ್ರಯೋಗಗಳನ್ನು ಹುಡುಕಿ, ಸೋಸಿ, ಒಟ್ಟಿಗೆ ತೂಗಿದ ಸಮೀಕ್ಷೆ. ಅದರ ಕೆಳಗೆ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಹೊಸ ಮದ್ದು ಕೊಟ್ಟು ನೋಡಿದ ಪ್ರಯೋಗ. ತೀರಾ ಕೆಳಗಿನ ಮೆಟ್ಟಿಲಲ್ಲಿ ತಜ್ಞರೊಬ್ಬರ ಸ್ವಂತ ಅಭಿಪ್ರಾಯ. ನಮ್ಮ ಭಾವ ಕೂತಿರುವುದು ಅದಕ್ಕೂ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ. ಆದರೆ ಮಾಲೆ ಬೀಳುವುದು ಅವರ ಕೊರಳಿಗೇ.

ಎರಡು ಗುಂಪು ಮಾಡಿ ನೋಡುವುದು ವಿಲಾಯಿತಿಯ ಶೋಕಿ ಎನ್ನುವವರು ಲೋಕಲ್ ಟ್ರೈನಿನಲ್ಲಿ ಬೈಕುಲಾ ದಾಟುವಾಗ ಒಮ್ಮೆ ಹೊರಗೆ ನೋಡಬೇಕು. ಪ್ಲೇಗಿಗೆ ಊರು ನಡುಗುತ್ತಿದ್ದಾಗ ಹಾಫ್‌ಕಿನ್ ಎಂಬ ವಿಜ್ಞಾನಿ ಇಲ್ಲೇ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. "ನನಗೇನೂ ಆಗಲಿಲ್ಲ, ಎಲ್ಲರೂ ತಗೊಳ್ಳಿ" ಎಂದು ಅಲ್ಲಿಗೇ ನಿಲ್ಲಿಸಿದ್ದರೆ ಅವನೂ ಒಬ್ಬ ಭಾವನಾಗಿ ಹೋಗುತ್ತಿದ್ದ. ಅದೇ ತಿಂಗಳ ಕೊನೆಗೆ ಬೈಕುಲಾ ಜೈಲಿಗೆ ಪ್ಲೇಗು ನುಗ್ಗಿದಾಗ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿ, ಹಾಕಿಸಿಕೊಳ್ಳದವರ ಜೊತೆ ಹೋಲಿಸಿ ನೋಡಲಾಯಿತು. ಹಾಕಿಸಿಕೊಂಡವರಲ್ಲಿ ಸಾವು ಕಡಿಮೆ. (ಜೈಲಿನೊಳಗಿನ 'ಒಪ್ಪಿಗೆ' ಎಷ್ಟರ ಮಟ್ಟಿಗೆ ಒಪ್ಪಿಗೆ ಎಂಬ ಪ್ರಶ್ನೆ ಬೇರೆಯೇ ಇದೆ.) ಇವತ್ತು ಪರೇಲಿನಲ್ಲಿ ಅವನ ಹೆಸರಿನ ಸಂಸ್ಥೆಯೇ ಇದೆ. ನಾವು ಅದರ ಮುಂದೆಯೇ ಬೆಸ್ಟ್ ಬಸ್ಸಿನಲ್ಲಿ ಕೂತು ಕಷಾಯದ ವಿಡಿಯೊ ಫಾರ್ವರ್ಡ್ ಮಾಡುತ್ತೇವೆ.

ಓದು ಬಾರದವರ ಕಥೆ ಇದು ಎಂದುಕೊಂಡರೆ ತಪ್ಪು. 2021ರ ಏಪ್ರಿಲ್ ನೆನಪಿದೆಯಲ್ಲ? ಮುಂಬಯಿಯ ಪ್ರತಿ ಫೋನಿನಲ್ಲೂ "ಅರ್ಜೆಂಟ್, ಪ್ಲಾಸ್ಮಾ ಬೇಕು". ಪ್ಲಾಸ್ಮಾ ಎಂದರೆ ಕೊರೊನಾ ಗೆದ್ದವರ ರಕ್ತದಿಂದ ತೆಗೆದ ದ್ರವಭಾಗ. ಆಸ್ಪತ್ರೆಯವರು ಚೀಟಿ ಬರೆದು ಕೊಡುವುದು, ಮನೆಯವರು ಥಾಣೆಯಿಂದ ಬೋರಿವಲಿಯವರೆಗೆ ಕೊರೊನಾ ಗೆದ್ದವರ ಕಾಲು ಹಿಡಿಯುವುದು. ಪ್ಲಾಸ್ಮಾ ತಂದುಕೊಡಲಾಗದ ಮಗ ಅಪ್ಪನನ್ನು ತಾನೇ ಕೊಂದೆನೆಂದು ಕೊರಗುವುದು. ಆದರೆ ಇದರಿಂದ ಉಪಯೋಗವಿದೆಯೇ ಎಂಬುದಕ್ಕೆ ಉತ್ತರ ಆರು ತಿಂಗಳ ಹಿಂದೆಯೇ ಬಂದಿತ್ತು. ಪರದೇಶದಿಂದಲ್ಲ, ನಮ್ಮದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನಿಂದ. ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ 2020ರ ಅಕ್ಟೋಬರಿನಲ್ಲಿ ಬಿಎಂಜೆ ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 28 ದಿನದೊಳಗೆ ಕಾಯಿಲೆ ಉಲ್ಬಣಿಸಿದವರು ಅಥವಾ ಸತ್ತವರು ಪ್ಲಾಸ್ಮಾ ಪಡೆದ ಗುಂಪಿನಲ್ಲಿ ನೂರಕ್ಕೆ 19, ಪಡೆಯದವರಲ್ಲಿ 18.

ಆಮೇಲೆ ಏನಾಯಿತು? ಐಸಿಎಂಆರ್ ನವೆಂಬರಿನಲ್ಲಿ "ಕಂಡಾಬಟ್ಟೆ ಬಳಸಬೇಡಿ" ಎಂದು ಬುದ್ಧಿಮಾತು ಹೇಳಿತು. ಚಿಕಿತ್ಸೆಯ ಮಾರ್ಗಸೂಚಿಯಲ್ಲಿ ಮಾತ್ರ ಪ್ಲಾಸ್ಮಾ ಹಾಗೇ ಕೂತಿತ್ತು. ಕಿತ್ತುಹಾಕಿದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆ ತನ್ನ ಕೆಲಸ ಮುಗಿಸುತ್ತಾ ಬಂದಾಗ. ಪ್ರಯೋಗ ಮಾಡಿದವರೂ ನಾವೇ, ಫಲಿತಾಂಶ ಬರೆದವರೂ ನಾವೇ, ಅದನ್ನು ಓದದೆ ಬಿಟ್ಟವರೂ ನಾವೇ. ಸ್ವಾವಲಂಬನೆ ಎಂದರೆ ಇದು.

ಪುರಾವೆ ದುಬಾರಿ ಎಂಬ ನೆಪವೂ ಉಳಿದಿಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಹುಡುಕಿಕೊಡುವ ಜಾಲತಾಣ ಪಬ್‌ಮೆಡ್ ತೊಂಬತ್ತರ ದಶಕದಿಂದಲೇ ಪುಕ್ಕಟೆ. ತುದಿಯ ಮೆಟ್ಟಿಲಿನ ಸಮೀಕ್ಷೆಗಳ ಭಂಡಾರವಾದ ಕಾಕ್ರೇನ್ ಲೈಬ್ರರಿಯನ್ನು ಭಾರತದಲ್ಲಿರುವ ಯಾರು ಬೇಕಾದರೂ ಓದಲಿ ಎಂದು 2007ರಲ್ಲಿ ಇದೇ ಐಸಿಎಂಆರ್ ಚಂದಾ ಕಟ್ಟಿತು. ಡಾಕ್ಟರಿಗೆ ಸಮಯ ಎಲ್ಲಿದೆ ಎನ್ನುತ್ತೀರಾ? ಅದಕ್ಕೇ ಅಲ್ಲವೇ ಟೈ ಕಟ್ಟಿಕೊಂಡ ಮೆಡಿಕಲ್ ರೆಪ್ ಮಧ್ಯಾಹ್ನ ಎರಡು ಗಂಟೆಗೆ, ಅದೂ ಹೊಳೆಯುವ ಕಾಗದದಲ್ಲಿ, ಪುರಾವೆಯನ್ನು ಮೇಜಿನ ತನಕ ತಂದುಕೊಡುವುದು. ಅದರಲ್ಲಿ ದಪ್ಪಕ್ಷರದಲ್ಲಿ "ಅಪಾಯ ಶೇ. 50 ಇಳಿಕೆ" ಎಂದಿರುತ್ತದೆ. ಸಾವಿರ ಜನರಲ್ಲಿ ಇಬ್ಬರಿಗೆ ಆಗುತ್ತಿದ್ದದ್ದು ಒಬ್ಬರಿಗೆ ಆದರೂ ಅದು ಶೇ. 50 ಇಳಿಕೆಯೇ. ಒಬ್ಬರಿಗಾಗಿ ಸಾವಿರ ಜನ ದಿನವೂ ಗುಳಿಗೆ ನುಂಗಬೇಕು ಎಂಬುದನ್ನು ಬರೆಯಲು ಆ ಕಾಗದದಲ್ಲಿ ಜಾಗ ಇರುವುದಿಲ್ಲ, ಅಲ್ಲಿ ನಗುವ ಅಜ್ಜ-ಅಜ್ಜಿಯ ಫೋಟೊ ಇರುತ್ತದೆ.

ಶೀರ್ಷಿಕೆ ಮಾತ್ರ ಓದುವವರನ್ನು ಹಿಡಿಯಲೆಂದೇ ಬಿಎಂಜೆ 2018ರ ಕ್ರಿಸ್ಮಸ್ ಸಂಚಿಕೆಯಲ್ಲಿ ಒಂದು ಬಲೆ ಬೀಸಿತ್ತು. ವಿಮಾನದಿಂದ ಜಿಗಿಯುವವರಿಗೆ ಪ್ಯಾರಾಚೂಟ್ ಇದ್ದರೂ ಇಲ್ಲದಿದ್ದರೂ ಸಾವು, ಗಾಯಗಳಲ್ಲಿ ವ್ಯತ್ಯಾಸವಿಲ್ಲ! 23 ಜನರ ಪ್ರಯೋಗ, ಚೀಟಿ ಎತ್ತಿಯೇ ಮಾಡಿದ್ದು, ಎಲ್ಲ ಶಾಸ್ತ್ರೋಕ್ತ. ಒಳಗೆ ಓದಿದರೆ ಮಾತ್ರ ಗೊತ್ತಾಗುತ್ತದೆ, ವಿಮಾನ ನೆಲದ ಮೇಲೆ ನಿಂತಿತ್ತು, ಜಿಗಿದ ಎತ್ತರ ಸರಾಸರಿ 0.6 ಮೀಟರ್. ನಮ್ಮಲ್ಲಿ ಇದು ಕೈಗೆ ಸಿಕ್ಕಿದ್ದರೆ ಸಂಜೆಯೊಳಗೆ "ಪ್ಯಾರಾಚೂಟ್ ಮಾಫಿಯಾ ಬಯಲು" ಎಂದು ನಾಲ್ಕು ಗ್ರೂಪುಗಳಲ್ಲಿ ಸುತ್ತಿ ಬರುತ್ತಿತ್ತು.

ಹಾಗಾಗಿ ಮೊನ್ನೆ ಉಪನಗರದ ಕನ್ನಡ ಸಂಘವೊಂದರ ಉಚಿತ ಆರೋಗ್ಯ ಶಿಬಿರದಲ್ಲಿ ಕಂಡದ್ದು ಆಶ್ಚರ್ಯವೇನಲ್ಲ. ಮಂಡಿನೋವಿನ ತೈಲದ ಪ್ರಾಯೋಜಕರು ವೇದಿಕೆಯಲ್ಲಿ. ಹೋದ ವರ್ಷ ತೈಲ ಒಯ್ದವರಲ್ಲಿ ಬಂದಿದ್ದವರನ್ನೆಲ್ಲ ಎಬ್ಬಿಸಿ ಕೈ ಎತ್ತಿಸಲಾಯಿತು. "ನೋಡಿ, ನೂರಕ್ಕೆ ನೂರು ಗುಣ!" ಎರಡು ಮಹಡಿ ಹತ್ತಿ ಬರಬೇಕಾದ ಸಭಾಂಗಣ ಅದು. ಮಂಡಿ ಇನ್ನೂ ನೋಯುವವರು ಅಲ್ಲಿಗೆ ಹೇಗೆ ಬರಬೇಕು ಎಂದು ಯಾರೂ ಕೇಳಲಿಲ್ಲ.

ಕಾರ್ಯದರ್ಶಿಯ ಮಗಳು ಎಂಬಿಬಿಎಸ್ ಓದುತ್ತಿದ್ದಾಳೆ. ಹಿಂದಿನ ಸಾಲಿನಿಂದ ಎದ್ದು ನಿಂತು, "ಅಂಕಲ್, ತೈಲ ಹಚ್ಚದವರ ಇನ್ನೊಂದು ಗುಂಪು ಬೇಕಲ್ಲ, ಹೋಲಿಸಿ ನೋಡಲಿಕ್ಕೆ? ಅದು ಎಲ್ಲಿದೆ?" ಎಂದಳು.

ಅಧ್ಯಕ್ಷರು ಮೈಕ್ ಹತ್ತಿರಕ್ಕೆ ಎಳೆದುಕೊಂಡರು. "ಇನ್ನೊಂದು ಗುಂಪು ಹೋದ ಚುನಾವಣೆಯಲ್ಲಿ ಸೋತ ಮೇಲೆ ಬೇರೆ ಸಂಘ ಮಾಡಿಕೊಂಡು ಹೋಯ್ತು ಮಗಾ. ಅವರ ಹೆಸರು ಈ ವೇದಿಕೆಯಲ್ಲಿ ಎತ್ತಬಾರದು."