ಹಾಡಿಲ್ಲದ ಹೈಜಾಕ್

ಹೋದ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ 'ಗಗನಂ' ಹಾಕಿದ್ದರು. 2011ರ ತೆಲುಗು ಸಿನಿಮಾ. ನಾಗಾರ್ಜುನ ಇದ್ದಾರೆ, ನಮ್ಮ ಪ್ರಕಾಶ್ ರೈ ಅಲ್ಲಿ ಪ್ರಕಾಶ್ ರಾಜ್ ಆಗಿ ಇದ್ದಾರೆ, ಒಂದು ವಿಮಾನ ಇದೆ. ಊಟ ಮಾಡುತ್ತಾ ಫೋನಿನಲ್ಲಿ ಇದರ ಬಗ್ಗೆ ಹುಡುಕಿದೆ. ಹೋದಲ್ಲೆಲ್ಲ ಒಂದೇ ಹೊಗಳಿಕೆ: 'ವಿಭಿನ್ನ ಪ್ರಯತ್ನ'.

ನನಗೆ ಈ 'ವಿಭಿನ್ನ' ಕಂಡರೆ ಮೈ ಉರಿಯುತ್ತದೆ. ಪೋಸ್ಟರಿನಲ್ಲಿ ಈ ಪದ ಕಂಡರೆ ಒಂದೋ ನಿರ್ಮಾಪಕರ ಹತ್ತಿರ ದುಡ್ಡಿಲ್ಲ, ಇಲ್ಲವೇ ಶುಕ್ರವಾರ ಬಂದ ಸಿನಿಮಾ ಸೋಮವಾರ ಇರುವುದಿಲ್ಲ. ಈ ಸಿನಿಮಾದಲ್ಲಿ ಏನಪ್ಪಾ ವಿಭಿನ್ನ ಅಂತ ನೋಡಿದರೆ, ನಾಗಾರ್ಜುನ ಕುಣಿಯುವುದಿಲ್ಲ. ಅಷ್ಟೇ. ಅವರು ಎನ್‌ಎಸ್‌ಜಿ ಕಮಾಂಡೋ ಪಡೆಯ ಮೇಜರ್. ಇಡೀ ಸಿನಿಮಾ ಮೇಜರ್ ಥರಾನೇ ಇರುತ್ತಾರೆ. ಯಾರ ಹಿಂದೆಯೂ ಹಾಡು ಹೇಳಿಕೊಂಡು ಓಡುವುದಿಲ್ಲ. ಕಮಾಂಡೋ ಆದವನು ಕಮಾಂಡೋ ಕೆಲಸ ಮಾಡಿದರೆ ನಮ್ಮಲ್ಲಿ ಅದು ಪ್ರಯೋಗ.

ನಮ್ಮ ಭಾವ ಕೋಲಾರದ ಕಡೆಯವರು. ತೆಲುಗು ಸಿನಿಮಾ ಅಂದರೆ ಪ್ರಾಣ. ಅರ್ಧ ಗಂಟೆ ತಡೆದುಕೊಂಡರು, ಆಮೇಲೆ ಆಗಲಿಲ್ಲ. "ಒಂದು ಹಾಡೂ ಇಲ್ವೇನಯ್ಯಾ? ವಿಮಾನದಲ್ಲಿ ಜಾಗ ಇಲ್ಲ ಅಂದ್ರೆ ಫ್ಲ್ಯಾಶ್‌ಬ್ಯಾಕಲ್ಲಿ ಹಾಕಬಹುದಿತ್ತಲ್ಲ" ಅಂದರು.

"ಉಗ್ರರ ಕೈಯಲ್ಲಿ ಜನ ಸಿಕ್ಕಿಕೊಂಡಿದಾರೆ ಭಾವ."

"ಅದಕ್ಕೇ ಹೇಳಿದ್ದು. ಅವರಿಗೂ ಸ್ವಲ್ಪ ರಿಲ್ಯಾಕ್ಸ್ ಬೇಕಲ್ವಾ?"

ಕತೆಯಲ್ಲಿ ಹೈಜಾಕ್ ಆದ ವಿಮಾನ ಇಳಿಯುವುದು ತಿರುಪತಿಯಲ್ಲಿ. ಇದಕ್ಕೆ ಮಾತ್ರ ನಿರ್ದೇಶಕ ರಾಧಾ ಮೋಹನ್‌ಗೆ ಕೈ ಮುಗಿಯಬೇಕು. ಇಡೀ ದಕ್ಷಿಣ ಭಾರತದಲ್ಲಿ ಜನ ಗೊಣಗದೆ ಗಂಟೆಗಟ್ಟಲೆ ಕೂತು ಕಾಯುವ ಊರು ಅದೊಂದೇ. ಕಂಪಾರ್ಟ್‌ಮೆಂಟಿಗೆ ಹಾಕಿ, ಹೊರಗಿಂದ ಬಾಗಿಲು ಹಾಕಿ, ಯಾವಾಗ ಬಿಡುತ್ತಾರೆ ಅಂತ ಯಾರೂ ಹೇಳದೆ, ಮಧ್ಯೆ ಮಧ್ಯೆ ಮಕ್ಕಳಿಗೆ ಹಾಲು ಕೊಟ್ಟು ಕೂರಿಸಿದರೆ ಅದಕ್ಕೆ ನಾವು ದರ್ಶನ ಅಂತೀವಿ. ಅದನ್ನೇ ತಿರುಪತಿ ವಿಮಾನ ನಿಲ್ದಾಣವಿರುವ ರೇಣಿಗುಂಟದ ರನ್‌ವೇಯಲ್ಲಿ ಮಾಡಿದರೆ ಹೈಜಾಕ್. ನಾನು ಒಂದು ಸಲ ಹದಿನಾಲ್ಕು ಗಂಟೆ ಕೂತಿದ್ದೆ. 300 ರೂಪಾಯಿ ಟಿಕೆಟ್ ತಗೊಂಡಿದ್ದರೆ ಬೇಗ ಆಗುತ್ತಿತ್ತು ಅಂತ ಹೆಂಡತಿ ಈಗಲೂ ನೆನಪಿಸುತ್ತಾಳೆ. ಅವತ್ತು ನಮ್ಮ ಬಿಡುಗಡೆಗೆ ದೆಹಲಿಯಲ್ಲಿ ಯಾರೂ ಸಭೆ ಸೇರಲಿಲ್ಲ.

ಸಿನಿಮಾದಲ್ಲಿ ಸೇರುತ್ತಾರೆ. ಸೇರಿ, ಮಾತಾಡಿ, ಮತ್ತೆ ಸೇರುತ್ತಾರೆ. ಜೈಲಿನಲ್ಲಿರುವ ತಮ್ಮ ನಾಯಕನನ್ನು ಬಿಡಿ ಅಂತ ಅಪಹರಣಕಾರರು ಕೇಳುತ್ತಾರೆ. ಕರೆತರುವ ದಾರಿಯಲ್ಲಿ ಆ ನಾಯಕನೇ ಸತ್ತುಹೋಗುತ್ತಾನೆ. ಆಗ ಸರ್ಕಾರ ಏನು ಮಾಡುತ್ತದೆ? ಅವನ ಥರಾನೇ ಕಾಣುವ ಸಿನಿಮಾ ನಟನೊಬ್ಬನನ್ನು ಹುಡುಕುತ್ತದೆ. ಅವನಿಗೆ ನಟನೆ ಹೇಳಿಕೊಡಲು ಸಿನಿಮಾ ನಿರ್ದೇಶಕ ಬರುತ್ತಾನೆ, ಹಾಸ್ಯನಟ ಬ್ರಹ್ಮಾನಂದಂ! ದೇಶದ ಭದ್ರತೆ ಬ್ರಹ್ಮಾನಂದಂ ಕೈಯಲ್ಲಿ. ಭಾವ ಆಗ ಮಾತ್ರ ಚಪ್ಪಾಳೆ ಹೊಡೆದರು. ವಿಮಾನದೊಳಗೆ ಒಬ್ಬ ಶೈನಿಂಗ್ ಸ್ಟಾರ್ ಕೂಡ ಇದ್ದಾನೆ. ತೆರೆಯ ಮೇಲೆ ಹಿಂಡುಗಟ್ಟಲೆ ರೌಡಿಗಳನ್ನು ಉರುಳಿಸುವವನು ಇಲ್ಲಿ ಬೆಲ್ಟ್ ಹಾಕಿಕೊಂಡು ಗಪ್‌ಚುಪ್. ಏನಾದರೂ ಮಾಡ್ತಾನೆ ಅಂತ ಅಭಿಮಾನಿ ಕಾಯುತ್ತಲೇ ಇದ್ದಾನೆ.

ಇದೆಲ್ಲ ಜಾಸ್ತಿ ಆಯ್ತು, ಹೀಗೆಲ್ಲ ಎಲ್ಲಿ ನಡೆಯುತ್ತೆ ಅಂತ ಭಾವನ ತಕರಾರು. ನಾನು ತಟ್ಟೆ ಎತ್ತಿಟ್ಟು ಬಂದು ಅವರಿಗೆ 1978ರ ಕತೆ ಹೇಳಿದೆ.

ನಮ್ಮ ಚಿಕ್ಕಮಗಳೂರು ಆಗಷ್ಟೇ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯನ್ನು ಗೆಲ್ಲಿಸಿ ಲೋಕಸಭೆಗೆ ಕಳಿಸಿತ್ತು. ಎರಡು ತಿಂಗಳು ತುಂಬುವ ಮೊದಲೇ ಸಭೆ ಅವರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. ಮರುದಿನ, ಡಿಸೆಂಬರ್ 20ಕ್ಕೆ, ಭೋಲಾನಾಥ್ ಪಾಂಡೆ ಮತ್ತು ದೇವೇಂದ್ರನಾಥ್ ಪಾಂಡೆ ಅನ್ನುವ ಇಬ್ಬರು ಯುವಕರು ಲಖನೌದಿಂದ ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಅಪಹರಿಸಿದರು. ಚಿಕ್ಕಮಗಳೂರಿನ ಸಂಸದೆಯನ್ನು ಬಿಡಿ ಅಂದರು. ಆಯುಧ ಏನು ಗೊತ್ತಾ? ಆಟಿಕೆ ಪಿಸ್ತೂಲು ಮತ್ತು ಒಂದು ಕ್ರಿಕೆಟ್ ಚೆಂಡು. ವಿಮಾನ ವಾರಾಣಸಿಯಲ್ಲಿ ಇಳಿಯಿತು. ಕೊನೆಗೆ ಒಬ್ಬನ ಅಪ್ಪ ಬಂದು ಮಾತಾಡಿದರು, ಇವರು ಜೈಕಾರ ಹಾಕುತ್ತಾ ಇಳಿದು ಬಂದರು. ಕಮಾಂಡೋ ಇಲ್ಲ, ಗುಂಡಿಲ್ಲ. ಸಾಯಂಕಾಲ ಆಟ ಮುಗಿಸಿ ಮನೆಗೆ ಬಾ ಅಂತ ಕರೆದ ಹಾಗೆ.

1980ರಲ್ಲಿ ಇಬ್ಬರಿಗೂ ಕಾಂಗ್ರೆಸ್ ಟಿಕೆಟ್ ಸಿಕ್ಕಿತು. ಇಬ್ಬರೂ ಉತ್ತರ ಪ್ರದೇಶದಲ್ಲಿ ಶಾಸಕರಾದರು.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ಕ್ರಿಕೆಟ್ ಚೆಂಡಾ?" ಅಂತ ಕೇಳಿದರು. ಅದೇ ಭಾವ. ನಮ್ಮ ರಣಜಿ ಆಟಗಾರರಿಗೂ ಒಂದು ಚೆಂಡಿನಿಂದ ಇಷ್ಟು ದೂರ ಹೋಗಲು ಆಗಿಲ್ಲ. ಅದಕ್ಕೂ ಮೊದಲು, 1971ರಲ್ಲಿ, ಶ್ರೀನಗರದಿಂದ ಜಮ್ಮುವಿಗೆ ಹೊರಟ 'ಗಂಗಾ' ವಿಮಾನವನ್ನು ಲಾಹೋರಿಗೆ ಒಯ್ದವರ ಕೈಯಲ್ಲಿದ್ದದ್ದೂ ನಕಲಿ ಪಿಸ್ತೂಲು, ಮರದ ಗ್ರೆನೇಡು. ಚನ್ನಪಟ್ಟಣದವರು ಮಾಡಿಕೊಡುವಷ್ಟು ಸರಳ ಸಾಮಾನು.

ನಗು ಬರುತ್ತೆ ಅಲ್ವಾ? 1999ಕ್ಕೆ ಬಂದರೆ ನಿಂತುಹೋಗುತ್ತದೆ.

ಡಿಸೆಂಬರ್ 24, ಕಠ್ಮಂಡುವಿನಿಂದ ದೆಹಲಿಗೆ ಹೊರಟು ಅಪಹರಣವಾದ ಇಂಡಿಯನ್ ಏರ್‌ಲೈನ್ಸ್ ವಿಮಾನ ಐಸಿ 814. ಆ ಕತೆ ನಿಮಗೆಲ್ಲ ಗೊತ್ತು. ನಾನು ಹೇಳುವುದು ಅಮೃತಸರದ ಬಗ್ಗೆ ಮಾತ್ರ. ವಿಮಾನ ನಮ್ಮದೇ ನೆಲದಲ್ಲಿ, ನಮ್ಮದೇ ರನ್‌ವೇಯಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ನಿಂತಿತ್ತು. ದೆಹಲಿಯಲ್ಲಿ ಸಭೆ ನಡೆಯುತ್ತಿತ್ತು. ಎನ್‌ಎಸ್‌ಜಿ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ವಿಮಾನ ಹಾರಿಹೋಯಿತು. ಲಾಹೋರ್, ದುಬೈ, ಕಂದಹಾರ್. ಮಧುಚಂದ್ರ ಮುಗಿಸಿ ಬರುತ್ತಿದ್ದ ಹುಡುಗನೊಬ್ಬ ಸತ್ತ. ಡಿಸೆಂಬರ್ 31ಕ್ಕೆ ಮೂವರು ಉಗ್ರರನ್ನು ಬಿಟ್ಟೆವು, ವಿದೇಶಾಂಗ ಸಚಿವರೇ ಜೊತೆಗೆ ಹೋಗಿ ಒಪ್ಪಿಸಿ ಬಂದರು. ಅದರಲ್ಲಿ ಒಬ್ಬ ಮಸೂದ್ ಅಜರ್. ಮರುವರ್ಷ ಜೈಷ್ ಅನ್ನುವ ಉಗ್ರ ಸಂಘಟನೆ ಕಟ್ಟಿದ. ಪುಲ್ವಾಮಾ ದಾಳಿಗೆ ಹೊಣೆ ಹೊತ್ತಿದ್ದು ಅದೇ ಜೈಷ್.

ಇಷ್ಟೆಲ್ಲ ಆದಮೇಲೆ 2024ರಲ್ಲಿ ಈ ಘಟನೆಯ ಮೇಲೆ ಒಂದು ವೆಬ್ ಸರಣಿ ಬಂತು. ದೇಶ ಆಗ ಏನು ಚರ್ಚೆ ಮಾಡಿತು? ಅಮೃತಸರದಲ್ಲಿ ಯಾರು ಏನು ಮಾಡುತ್ತಿದ್ದರು ಅಂತಲಾ? ಇಲ್ಲ ಸ್ವಾಮಿ. ಅಪಹರಣಕಾರರನ್ನು ಭೋಲಾ, ಶಂಕರ್ ಅಂತ ಯಾಕೆ ಕರೆದಿರಿ ಅಂತ. ಆ ಸಂಕೇತನಾಮಗಳನ್ನು 2000ದ ಜನವರಿಯಲ್ಲಿ ಗೃಹ ಇಲಾಖೆಯೇ ಹೊರಗೆ ಹೇಳಿತ್ತು. ಆದರೂ ದೆಹಲಿಯಿಂದ ಕರೆ ಹೋಯಿತು, ಸರಣಿಯ ಶುರುವಿಗೆ ನಿಜವಾದ ಹೆಸರುಗಳು ಬಂದವು, ಎಲ್ಲರಿಗೂ ನ್ಯಾಯ ಸಿಕ್ಕಿತು. ಭೋಲಾ ಅನ್ನುವವನು ವಿಮಾನ ಅಪಹರಿಸುತ್ತಾನಾ ಅಂತ ಕೂಗಾಡಿದರು. ಅಪಹರಿಸಿದ್ದ. ವಿಧಾನಸಭೆಗೂ ಹೋಗಿದ್ದ.

ಅಮೃತಸರದ ಲೆಕ್ಕ ಮಾತ್ರ ಯಾರೂ ಕೇಳಲಿಲ್ಲ. ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಾರೋ ಏನೋ. ನನಗಂತೂ ಸಾಕಾಗಿದೆ.

ಅಷ್ಟರಲ್ಲಿ ಟಿವಿಯಲ್ಲಿ ಕಮಾಂಡೋಗಳು ಕತ್ತಲಲ್ಲಿ ಬಗ್ಗಿಕೊಂಡು ವಿಮಾನದ ಹತ್ತಿರ ಬಂದರು. ಭಾವ ಸೋಫಾದ ತುದಿಗೆ ಬಂದರು. ಜಾಹೀರಾತು ಶುರುವಾಯಿತು. ಸಿಮೆಂಟು, ಮಸಾಲೆ ಪುಡಿ, ಮೊಣಕಾಲು ನೋವಿನ ಎಣ್ಣೆ, ಮತ್ತೆ ಅದೇ ಸಿಮೆಂಟು. ಭಾವ ಎದ್ದು ಬಚ್ಚಲಿಗೆ ಹೋದರು, ಅಡುಗೆಮನೆಯಲ್ಲಿ ಕಾಫಿ ಕೇಳಿದರು, ಬಾಲ್ಕನಿಯಲ್ಲಿ ಯಾರ ಜೊತೆಗೋ ಫೋನಿನಲ್ಲಿ ಮಾತಾಡಿದರು. ವಾಪಸ್ ಬಂದಾಗಲೂ ಸಿಮೆಂಟೇ ಬರುತ್ತಿತ್ತು.

"ಇನ್ನೂ ಬಂದಿಲ್ವೇನಯ್ಯಾ ಕಮಾಂಡೋಗಳು?"